ಸೆಲಿನಾ ಪಿಲ್ಲಿಂಗ್‌ಳ ಕೆಮ್ಮು

ಹತ್ತಿ ಗಿರಣಿಗಳ ಊರಾದ ಬೇಕಪ್‌ನಲ್ಲಿ ಒಬ್ಬ ಮನುಷ್ಯ ಹೇಗೆ ಬದುಕಿದ ಎಂದು ಕೇಳುವವರು ಕಡಿಮೆ, ಅವನ ಮಣ್ಣು ಹೇಗಾಯಿತು ಎಂದು ಕೇಳುವವರೇ ಎಲ್ಲ. ಮಣ್ಣಾದ ಮೇಲೆ ಬಂದವರಿಗೆ ಹಂದಿಮಾಂಸದ ಹ್ಯಾಮ್ ಬಡಿಸಿದರೋ, ಬರೀ ಬ್ರೆಡ್ಡು ಬೆಣ್ಣೆಯಲ್ಲೇ ಮುಗಿಸಿದರೋ, ಪೆಟ್ಟಿಗೆಗೆ ಹಿತ್ತಾಳೆಯ ಹಿಡಿಕೆ ಇತ್ತೋ ಇಲ್ಲವೋ, ಇದೆಲ್ಲ ಗಿರಣಿಯಿಂದ ಹಿಡಿದು ಪ್ರಾರ್ಥನೆಯ ಚಾಪೆಲ್ಲಿನ ಬಾಗಿಲವರೆಗೆ ವಾರಗಟ್ಟಲೆ ಮಾತಾಗುತ್ತಿತ್ತು. ಅದಕ್ಕೇ ಹೊಟ್ಟೆಗಿಲ್ಲದವರೂ ವಾರವಾರ ಒಂದೆರಡು ಪೆನ್ನಿ ಎತ್ತಿಟ್ಟು ಸಾವಿನ ವಿಮೆಗೆ ಕಟ್ಟುತ್ತಿದ್ದರು.

ಸೆಲಿನಾಳ ಗಂಡ ಜೇಬೆಜ್ ಪಿಲ್ಲಿಂಗ್ ಕಲ್ಲುಗಣಿಯ ಆಳು. ಕಲ್ಲಿನ ಪುಡಿ ಎದೆಗೆ ಹೋಗಿ ಎರಡು ಚಳಿಗಾಲ ಕೆಮ್ಮಿ ಕೆಮ್ಮಿ, ಎಡ್ವರ್ಡ್ ದೊರೆ ತೀರಿಕೊಂಡ ೧೯೧೦ರಲ್ಲೇ ತಾನೂ ತೀರಿಕೊಂಡ. ಗಂಡ ಹೆಂಡತಿಗೆಂದು ಇದ್ದ ಸಣ್ಣ ವಿಮೆ, ಅವನು ಹಾಸಿಗೆ ಹಿಡಿದ ಮೇಲೆ ಕಂತು ಕಟ್ಟಲಾಗದೆ ನಿಂತುಹೋಗಿತ್ತು. ಸೆಲಿನಾ ಗಿರಣಿಯಲ್ಲಿ ನಾಲ್ಕು ಮಗ್ಗ ನಡೆಸುತ್ತಿದ್ದವಳು. ಬಂದದ್ದೆಲ್ಲ ಔಷಧಿಗೆ ಹೋಗಿತ್ತು. ಹೆಣ ಮನೆಯಲ್ಲಿರುವಾಗಲೇ ಅವಳು ಗಂಡನ ಅಣ್ಣ ಈನಕ್‌ನ ಅಂಗಡಿಗೆ ಹೋದಳು.

ಈನಕ್ ಬೀದಿ ಮೂಲೆಯ ದಿನಸಿ ಅಂಗಡಿಯವನು. ಭಾನುವಾರ ಚಾಪೆಲ್ಲಿನಲ್ಲಿ ಕಾಣಿಕೆಯ ತಟ್ಟೆ ಹಿಡಿದು ಸಾಲುಸಾಲಿಗೂ ಬರುವವನೂ ಅವನೇ.

"ಭಾವ, ನೀನೇನಾದ್ರೂ ಜೇಬೆಜ್ ಮೇಲೆ ವಿಮೆ ಕಟ್ಟಿದ್ಯಾ? ಅಣ್ಣಂದಿರು ಕಟ್ತಾರಂತಲ್ಲ, ಅದಕ್ಕೆ ಕೇಳ್ದೆ," ಎಂದಳು.

"ನಾನೆಲ್ಲಿ ಕಟ್ಲಿ ತಾಯಿ. ನನ್ನ ಸಂಸಾರಕ್ಕೇ ಆಗಲ್ಲ," ಎಂದ ಈನಕ್. ಒಳಗೆ ಹೋಗಿ ಒಂದು ಪೊಟ್ಟಣ ಚಹಾಪುಡಿ ತಂದುಕೊಟ್ಟ. "ಬಂದೋರಿಗೆ ಮಾಡಿಕೊಡು. ದುಡ್ಡು ಆಮೇಲೆ ನೋಡೋಣ."

ಜೇಬೆಜ್‌ನಿಗೆ ಆದದ್ದು ಊರಿನ ಖರ್ಚಿನ ಧರ್ಮದ ಮಣ್ಣು. ಬಣ್ಣವಿಲ್ಲದ ಹಲಗೆ ಪೆಟ್ಟಿಗೆ, ಮುಚ್ಚಳದ ಮೇಲೆ ಹೆಸರಿನ ಬದಲು ಸೀಮೆಸುಣ್ಣದಲ್ಲಿ ಬರೆದ ಒಂದು ಅಂಕಿ. ಆಗಲೇ ಇಬ್ಬರು ಅಪರಿಚಿತರನ್ನು ಇಳಿಸಿದ್ದ ಗುಂಡಿಗೆ ಅವನನ್ನೂ ಇಳಿಸಿದರು. ಅಂಥ ಗುಂಡಿಯ ಮೇಲೆ ಕಲ್ಲು ನೆಡುವ ಹಾಗಿಲ್ಲ. ಬದುಕಿನುದ್ದಕ್ಕೂ ಕಲ್ಲು ಕಡಿದವನಿಗೆ ಒಂದು ಅಂಗೈ ಅಗಲದ ಕಲ್ಲೂ ಇಲ್ಲ. ಈನಕ್ ಹ್ಯಾಟು ತೆಗೆದು ನಿಂತು ಎಲ್ಲರಿಗಿಂತ ಜೋರಾಗಿ ಪ್ರಾರ್ಥನೆ ಹೇಳಿದ.

ಎರಡು ವರ್ಷ ಕಳೆದ ಮೇಲೆ ಒಂದು ಶನಿವಾರ ಮಧ್ಯಾಹ್ನ ಸೆಲಿನಾ ಬಾಗಿಲ ಮೆಟ್ಟಿಲನ್ನು ಹಳದಿ ಬಣ್ಣ ಬಿಡುವ ಮೆದು ಕಲ್ಲಿನಿಂದ ಉಜ್ಜುತ್ತಿದ್ದಳು. ಸೈಕಲ್ ನಿಲ್ಲಿಸಿ ಒಬ್ಬ ಯುವಕ ಇಳಿದ. ಹೊಸದಾಗಿ ಆ ಕೇರಿಗೆ ಬಂದ ವಿಮೆ ಏಜೆಂಟ, ಹೆರ್ಬರ್ಟ್ ಕ್ರಾನ್ಶಾ. ಅವಳನ್ನು ಅಡಿಯಿಂದ ಮುಡಿಯವರೆಗೆ ನೋಡಿ, "ಆರೋಗ್ಯವಾಗೇ ಇದ್ದೀರಲ್ಲ!" ಎಂದ.

"ಯಾಕೆ, ನಿಮಗೇನಾದ್ರೂ ನಷ್ಟಾನಾ?"

ಅವನು ನಕ್ಕ. "ಅಯ್ಯೋ ಹಂಗಲ್ಲ. ನಿಮ್ಮ ಭಾವ ಈನಕ್ ಅವರು ನಿಮ್ಮ ಮೇಲೆ ವಿಮೆ ತಗೋತಿದ್ದಾರೆ. ಆಫೀಸಲ್ಲಿ, ಬರೆಯೋಕೆ ಮುಂಚೆ ಒಂದ್ಸಲ ಮುಖ ನೋಡ್ಕೊಂಡು ಬಾ ಅಂದ್ರು. ನೋಡಾಯ್ತು."

"ನನ್ನ ಮೇಲಾ?"

"ಒಳ್ಳೇ ಮನುಷ್ಯರು ಬಿಡಿ. ಮನೆಯೋರ ಬಗ್ಗೆ ಯೋಚನೆ ಮಾಡೋರು. ತಮ್ಮನ ಮೇಲೂ ಕಟ್ಟಿದ್ರಲ್ಲ, ನಿಮ್ಮ ಯಜಮಾನರ ಮೇಲೆ. ನಮ್ಮ ಕಂಪನಿ ಮಣ್ಣಿನ ಖರ್ಚು ಅಂತ ಮೂರೇ ದಿನದಲ್ಲಿ ಕೊಟ್ಟುಬಿಡ್ತು. ನಮ್ಮ ಹಳೇ ಏಜೆಂಟು ಈಗಲೂ ಹೇಳ್ತಿರ್ತಾರೆ."

ಸೆಲಿನಾ ಕೈಯಲ್ಲಿದ್ದ ಕಲ್ಲನ್ನು ಬಕೆಟ್ಟಿನ ನೀರಿಗೆ ಬಿಟ್ಟಳು. ಯುವಕ ಟೋಪಿ ಮುಟ್ಟಿ, ಸೈಕಲ್ ಹತ್ತಿ ಹೋದ. ಅವಳು ಅರ್ಧ ಹಳದಿ ಅರ್ಧ ಕಪ್ಪಾದ ಮೆಟ್ಟಿಲ ಮೇಲೆ ಮಂಡಿಯೂರಿಯೇ ಕೂತಿದ್ದಳು. ಓಡಿಹೋಗಿ ಅಂಗಡಿಯ ಗಾಜು ಒಡೆಯಬೇಕೆನಿಸಿತು. ಭಾನುವಾರ ಎಲ್ಲರ ಮುಂದೆ ಕಾಣಿಕೆಯ ತಟ್ಟೆ ಕಿತ್ತುಕೊಂಡು ಅವನ ಮುಖಕ್ಕೆ ಬಡಿಯಬೇಕೆನಿಸಿತು. ಆದರೆ ಕೂಗಾಡಿದರೆ ಅವನು ಎರಡು ದಿನ ತಲೆ ತಗ್ಗಿಸಿ ಮೂರನೆಯ ದಿನ ಮತ್ತೆ ತಟ್ಟೆ ಹಿಡಿಯುತ್ತಾನೆ ಎಂಬುದು ಅವಳಿಗೆ ಗೊತ್ತಿತ್ತು. ಜೇಬೆಜ್ ಗುಂಡಿಯಲ್ಲೇ ಇರುತ್ತಾನೆ. ಅಷ್ಟು ಅಗ್ಗಕ್ಕೆ ಬಿಡಲು ಅವಳಿಗೆ ಮನಸ್ಸಾಗಲಿಲ್ಲ.

ಆ ತಿಂಗಳು ಸಹಕಾರಿ ಅಂಗಡಿಯ ಮೇಲಿನ ಕೋಣೆಯಲ್ಲಿ ಹೆಂಗಸರ ಸಂಘದವರು ಕ್ರ್ಯಾಬ್‌ಟ್ರೀ ಎಂಬ ವಕೀಲರನ್ನು ಕರೆಸಿ ವಿಮೆಯ ಬಗ್ಗೆ ಮಾತಾಡಿಸಿದರು. ಮುದುಕ ವಕೀಲರು, ಮೂಗಿಗೆ ನಶ್ಯ ಏರಿಸುತ್ತ, ಹೆಂಗಸರಿಗೆ ತಿಳಿಯುವ ಹಾಗೆ ಹೇಳುತ್ತಿದ್ದರು.

"ವಿಮೆ ಅಂದ್ರೆ ದಾನ ಅಲ್ಲ, ಕರಾರು. ಒಬ್ಬ ಕೇಳ್ತಾನೆ, ಇನ್ನೊಬ್ಬ ಒಪ್ತಾನೆ. ಆ ಇಬ್ಬರಿಗೆ ಮಾತ್ರ ಅದರ ಹಕ್ಕು. ಆದರೆ ಕುದುರೆ ವ್ಯಾಪಾರದ ಹಾಗಲ್ಲ ಇದು. ಕುದುರೆಯ ಹಲ್ಲನ್ನ ಕೊಳ್ಳೋನೇ ನೋಡ್ಕೋಬೇಕು. ವಿಮೆಯಲ್ಲಿ ಕಂಪನಿಯೋರಿಗೆ ಹಲ್ಲು ಕಾಣಲ್ಲ. ನಿಮಗೆ ಗೊತ್ತಿರೋದನ್ನೆಲ್ಲ ನೀವೇ ಬಾಯಿಬಿಟ್ಟು ಹೇಳಬೇಕು. ಕೇಳಲಿಲ್ಲ, ಹೇಳಲಿಲ್ಲ ಅನ್ನೋ ಹಾಗಿಲ್ಲ. ಮುಚ್ಚಿಟ್ಟರೆ ಕರಾರೇ ಬಿತ್ತು."

"ಯಾರ ಮೇಲೆ ಬೇಕಾದ್ರೂ ಕಟ್ಟಬಹುದಾ?" ಎಂದು ಸೆಲಿನಾ ಹಿಂದಿನ ಬೆಂಚಿನಿಂದ ಕೇಳಿದಳು.

"ಇಲ್ಲಮ್ಮ. ಅವರು ಸತ್ತರೆ ನಿಮಗೆ ನಿಜವಾಗಿ ನಷ್ಟ ಆಗಬೇಕು. ಇಲ್ಲದಿದ್ರೆ ಅದು ವಿಮೆಯಲ್ಲ, ಜೂಜು. ನೆರೆಮನೆಯೋಳು ಯಾವಾಗ ಸಾಯ್ತಾಳೆ ಅಂತ ಪಣ ಕಟ್ಟಿದ ಹಾಗೆ. ಹಾಗೆ ಕಟ್ಟೋನು ನೆರೆಮನೆಯೋಳಿಗೆ ಗಂಜಿ ಕೊಡ್ತಾನಾ, ಇಲಿ ಪಾಷಾಣ ಕೊಡ್ತಾನಾ?" ಹೆಂಗಸರು ನಕ್ಕರು. "ಗಂಡ ಹೆಂಡತಿ ಸರಿ. ಮಣ್ಣಿನ ಖರ್ಚಿಗೆ ಅಂತ ಅಪ್ಪ, ಅಮ್ಮ, ಅಜ್ಜ, ಅಜ್ಜಿ, ಒಡಹುಟ್ಟಿದೋರು, ಇವರ ಮೇಲೂ ಈಗ ಕಾಯಿದೆ ಬಿಟ್ಟಿದೆ."

"ತಮ್ಮನ ಹೆಂಡತಿ?"

"ಅವಳು ಆ ಪಟ್ಟಿಯಲ್ಲಿ ಇಲ್ಲ."

ಸಭೆ ಮುಗಿದ ಮೇಲೆ ಅವಳು ಮೆಟ್ಟಿಲ ಹತ್ತಿರ ಅವರನ್ನು ನಿಲ್ಲಿಸಿ ಎಲ್ಲ ಹೇಳಿದಳು. ಕ್ರ್ಯಾಬ್‌ಟ್ರೀ ನಶ್ಯದ ಡಬ್ಬಿ ಮುಚ್ಚಿ ಜೇಬಿಗಿಟ್ಟರು.

"ಗಂಡನ ದುಡ್ಡು ನಿಮಗೆ ಸಿಗಲ್ಲಮ್ಮ. ಅಣ್ಣ ತಮ್ಮನ ಮೇಲೆ ಕಟ್ಟಿದ, ಕಂಪನಿ ಅಣ್ಣನಿಗೆ ಕೊಡ್ತು. ಆ ಕರಾರಿನಲ್ಲಿ ನೀವಿಲ್ಲ. ಅವನು ಮಾಡಿದ್ದು ಪಾಪ, ಆದರೆ ಆ ಪಾಪಕ್ಕೆ ನೀವು ದಾವೆ ಹಾಕೋಕಾಗಲ್ಲ."

"ನನ್ನ ಮೇಲೆ ಕಟ್ಟಿದ್ದು?"

"ಅದು ಮೊದಲ ದಿನದಿಂದಲೇ ಸತ್ತ ಕರಾರು. ಕಂಪನಿಗೆ ಒಂದು ಮಾತು ಹೇಳಿ, ಅವರೇ ಹರಿದು ಹಾಕ್ತಾರೆ."

"ಹೇಳದಿದ್ರೆ?"

"ಹೇಳದಿದ್ರೆ ಕಟ್ತಾನೇ ಇರ್ತಾನೆ. ಕಡೆಗೆ ಒಂದು ಕಾಸೂ ಬರಲ್ಲ."

"ಕಟ್ಟಿದ್ದು ವಾಪಸ್?"

"ಸಂಬಂಧ ಸುಳ್ಳು ಹೇಳಿದ್ದು ಅವನೇ ಆದ್ರೆ ವಾಪಸ್ ಇಲ್ಲ. ಏಜೆಂಟನೇ ಮೋಸ ಮಾಡಿ ಬರೆಸಿದ್ದ ಅಂತ ತೋರಿಸಿದ್ರೆ ಮಾತ್ರ ಸಿಗಬಹುದು. ಯಾಕಮ್ಮ ಕೇಳ್ತಿದ್ದೀರಿ?"

"ಸುಮ್ನೆ," ಎಂದಳು ಸೆಲಿನಾ. ಗಂಡ ಹೋದ ಮೇಲೆ ಅವಳ ಮುಖದಲ್ಲಿ ನಗು ಕಂಡದ್ದು ಅಂದೇ ಮೊದಲು. ಆ ನಗು ನೋಡಿ ವಕೀಲರು ಬೇಗ ಬೇಗ ಕೆಳಗಿಳಿದು ಹೋದರು.

ಮುಂದಿನ ಭಾನುವಾರ ಚಾಪೆಲ್ಲಿನಲ್ಲಿ ತಟ್ಟೆ ತನ್ನ ಸಾಲಿಗೆ ಬಂದಾಗ ಸೆಲಿನಾ ಕರವಸ್ತ್ರ ಬಾಯಿಗಿಟ್ಟು ಕೆಮ್ಮಿದಳು. ಎರಡು ಚಳಿಗಾಲ ಪಕ್ಕದಲ್ಲೇ ಮಲಗಿ ಕೇಳಿದ ಕೆಮ್ಮು ಅದು. ಎಲ್ಲಿ ತಡೆಯಬೇಕು, ಎಲ್ಲಿ ಉಸಿರು ಎಳೆಯಬೇಕು, ಯಾವಾಗ ಎದೆ ಹಿಡಿದುಕೊಳ್ಳಬೇಕು, ಎಲ್ಲ ಅವಳಿಗೆ ಬಾಯಿಪಾಠ. ಈನಕ್‌ನ ತಟ್ಟೆ ಅರೆಗಳಿಗೆ ಅಲ್ಲೇ ನಿಂತಿತು.

ಅಂಗಡಿಗೆ ಹೋದಾಗಲೂ ಅದೇ.

"ಏನು ಸೆಲಿನಾ, ಆ ಕೆಮ್ಮು ಇನ್ನೂ ಬಿಟ್ಟಿಲ್ವಾ?"

"ಎಲ್ಲಿ ಬಿಡುತ್ತೆ ಭಾವ. ಜೇಬೆಜ್ ನನಗೆ ಬಿಟ್ಟುಹೋದ ಆಸ್ತಿ ಇದೊಂದೇ."

"ಡಾಕ್ಟರಿಗೆ ತೋರಿಸಬೇಕಿತ್ತಪ್ಪ."

"ಡಾಕ್ಟರಿಗೆ ಕೊಡೋದ್ರಲ್ಲಿ ವಾರದ ಕಲ್ಲಿದ್ದಲು ಬರುತ್ತೆ."

"ಅದೂ ಸರಿ ಅನ್ನು," ಎಂದ ಈನಕ್, ಸ್ವಲ್ಪ ಬೇಗನೇ. "ಡಾಕ್ಟರುಗಳು ತಾನೇ ಏನು ಮಾಡ್ತಾರೆ."

ಅವಳು ಬಾಗಿಲು ದಾಟುವಾಗ ಹಿಂದಿನಿಂದ ಅವನು ಲೆಕ್ಕ ಹಾಕುವುದು ಬೆನ್ನಿಗೆ ತಾಗಿದ ಹಾಗಾಗುತ್ತಿತ್ತು. ಎರಡು ಚಳಿಗಾಲ ಕಾದು, ಮೂರನೆಯದು ಬರುವ ಮೊದಲು ಅವನು ಕ್ರಾನ್ಶಾನನ್ನು ಕರೆಸಿ ಅವಳ ಮೇಲೆ ಇನ್ನೊಂದು ವಿಮೆ ತೆಗೆದ. ಸೈಕಲ್ಲು ಅಂಗಡಿಯ ಮುಂದೆ ನಿಂತದ್ದನ್ನು ಸೆಲಿನಾ ಗಿರಣಿಯಿಂದ ಬರುವಾಗ ನೋಡಿದಳು. ಮನೆಗೆ ಬಂದು, ಒಲೆಯ ಮುಂದೆ ಕೂತು, ಆಲೂಗಡ್ಡೆ ಪೈ ಒಂದಿಡೀ ತಟ್ಟೆ ತಿಂದಳು. ಎಷ್ಟೋ ದಿನದಿಂದ ಅಂಥ ಹಸಿವಾಗಿರಲಿಲ್ಲ.

ಅವಳು ಎಂಥ ಗಟ್ಟಿಗಳೆಂದರೆ, ಬೆಟ್ಟದ ಮೇಲಿನ ಹುಲ್ಲುಗಾಡಿನ ಗಾಳಿಗೆ ಎದುರಾಗಿ ನಿಲ್ಲದೆ ನಡೆಯಬಲ್ಲವಳು. ಈನಕ್ ಚಾಪೆಲ್ಲಿನಲ್ಲಿರುವ ಭಾನುವಾರದ ಸಂಜೆಗಳಲ್ಲಿ ಅವಳು ಅಲ್ಲಿಗೆ ಹತ್ತಿ ಹೋಗಿ ಹೊಟ್ಟೆತುಂಬ ಗಾಳಿ ಕುಡಿದು ಬರುತ್ತಿದ್ದಳು. ಬದುಕಿರುವುದು ಅವಳಿಗೆ ಈಗ ಗಿರಣಿಯ ಕೆಲಸದಂಥದೇ ಇನ್ನೊಂದು ಕೆಲಸವಾಗಿತ್ತು, ಒಂದು ದಿನವೂ ರಜೆ ಹಾಕುವ ಹಾಗಿರಲಿಲ್ಲ.

ಈ ನಾಟಕದಲ್ಲಿ ಅವಳು ಎಣಿಸದಿದ್ದದ್ದು ಹ್ಯಾನಾಳನ್ನು. ಹ್ಯಾನಾ ಈನಕ್‌ನ ಹೆಂಡತಿ, ಅವಳ ಓರಗಿತ್ತಿ. ಗಂಡನಿಗೆ ತಿಳಿಯದ ಹಾಗೆ ಶಾಲಿನಡಿಯಲ್ಲಿ ಕುರಿ ಮಾಂಸದ ಸಾರು ಮುಚ್ಚಿಟ್ಟುಕೊಂಡು ಹಿತ್ತಲ ಬಾಗಿಲಿಂದ ಬರುತ್ತಿದ್ದಳು. "ಎದೆಗೆ ಈ ಹೆಬ್ಬಾತಿನ ಕೊಬ್ಬು ಉಜ್ಜಿಕೋ ಸೆಲಿನಾ. ನಿನ್ನೂ ಕಳಕೊಂಡ್ರೆ ನನಗೆ ಈ ಊರಲ್ಲಿ ಮಾತಾಡೋಕೆ ಯಾರಿದ್ದಾರೆ?" ಎನ್ನುತ್ತಿದ್ದಳು. ಸೆಲಿನಾ ಸಾರು ಕುಡಿಯುತ್ತಿದ್ದಳು, ಪಾತ್ರೆ ತೊಳೆದು ಕೊಡುತ್ತಿದ್ದಳು, ಕೆಮ್ಮು ಸುಳ್ಳೆಂದು ಮಾತ್ರ ಹೇಳುತ್ತಿರಲಿಲ್ಲ.

ಯುದ್ಧ ಬಂತು, ಯುದ್ಧ ಹೋಯಿತು. ಗಿರಣಿಯಲ್ಲಿ ಮಗ್ಗ ಸರಿಮಾಡುವ ವಿಲ್ಫ್ರೆಡ್ ಹೇವರ್ತ್ ಎಂಬ ವಿಧುರ ಸೆಲಿನಾಳನ್ನು ಮೆಚ್ಚಿದ. ಲ್ಯಾಂಕಾಸ್ಟರಿನಲ್ಲಿ ಒಳ್ಳೆಯ ಕೆಲಸ ಸಿಕ್ಕಿದೆ, ಸಮುದ್ರ ಹತ್ತಿರ, ಮದುವೆಯಾಗಿ ಹೋಗೋಣ ಎಂದ.

"ನಾನು ಈ ಊರು ಬಿಡೋ ಹಾಗಿಲ್ಲ ವಿಲ್ಫ್ರೆಡ್."

"ಯಾಕೆ? ಇಲ್ಲಿ ನಿನಗಿನ್ನೇನಿದೆ?"

"ಒಬ್ಬನ ಕಣ್ಣೆದುರು ಇರಬೇಕು."

ಅವನು ಅದನ್ನು ಬೇರೆ ಅರ್ಥದಲ್ಲಿ ತಿಳಿದುಕೊಂಡು, ಮುಖ ಸಪ್ಪೆ ಮಾಡಿಕೊಂಡು ಹೋದ. ಲ್ಯಾಂಕಾಸ್ಟರಿಗೆ ಒಬ್ಬನೇ ಹೋದ. ಆ ವಾರ ಸೆಲಿನಾ ಅಂಗಡಿಯಲ್ಲಿ ಕೆಮ್ಮಿದಾಗ ಕಣ್ಣಲ್ಲಿ ನೀರೂ ಬಂತು. ಈನಕ್ ಅದನ್ನು ರೋಗದ ಲೆಕ್ಕಕ್ಕೇ ಹಾಕಿಕೊಂಡ.

ಆಮೇಲೆ ಹತ್ತಿಯ ವ್ಯಾಪಾರ ಕುಸಿಯಿತು. ಗಿರಣಿಗಳು ವಾರಕ್ಕೆ ಮೂರೇ ದಿನ ಓಡತೊಡಗಿದವು. ಈನಕ್‌ನ ಅಂಗಡಿಯಲ್ಲಿ ಸಾಲ ಬರೆಸುವವರೇ ಎಲ್ಲ. ಒಂದು ದಿನ ಬಟ್ಟೆ ಒಗೆಯುವ ಕಟ್ಟೆಯ ಹತ್ತಿರ ಹ್ಯಾನಾ ಅಳುತ್ತ ಹೇಳಿದಳು:

"ನಮ್ಮಿಬ್ಬರ ವಿಮೇನೂ ನಿಲ್ಲಿಸಿಬಿಟ್ರು ಕಣೇ. ನನ್ನದೂ ಹೋಯ್ತು, ಅವರದೂ ಹೋಯ್ತು. ಆದ್ರೆ ಕ್ರಾನ್ಶಾ ಮಾತ್ರ ವಾರವಾರ ಬರೋದು ಬಿಟ್ಟಿಲ್ಲ. ಯಾರದೋ ಒಂದು ಕಟ್ತಾರೆ. ಕೇಳಿದ್ರೆ ಮೈಮೇಲೆ ಬರ್ತಾರೆ. ಯಾರದಿರಬಹುದು?"

"ನನಗೇನು ಗೊತ್ತು ಅಕ್ಕ," ಎಂದಳು ಸೆಲಿನಾ. ಅವಳ ಸಾವಿನ ಮೇಲಿನ ಆಸೆಗೆ ಈನಕ್ ತನ್ನ ಮಣ್ಣನ್ನೇ ಮಾರಿಕೊಂಡಿದ್ದ. ಹಣ್ಣು ಇದಕ್ಕಿಂತ ಮಾಗುವುದಿಲ್ಲ ಎನಿಸಿತು ಅವಳಿಗೆ.

ಶನಿವಾರ, ಅಂಗಡಿಯಲ್ಲಿ ಜನ ತುಂಬಿದ್ದಾಗ ಹೋದಳು. ಒಳಗೆ ಕಾಲಿಟ್ಟು ಸುಮ್ಮನೆ ನಿಂತಳು. ಕೆಮ್ಮಲಿಲ್ಲ.

"ಇವತ್ತು ಸ್ವಲ್ಪ ವಾಸಿ ಕಾಣುತ್ತೆ?" ಎಂದ ಈನಕ್.

"ನನಗೆ ಯಾವತ್ತೂ ಏನೂ ಆಗಿರಲಿಲ್ಲ ಭಾವ." ಮಗ್ಗದ ಸದ್ದಿನ ನಡುವೆ ಬದುಕಿದವಳ ಗಂಟಲು, ಬೀದಿಯ ಆ ತುದಿಗೂ ಕೇಳುವಂಥದು. "ಕುದುರೆ ಹಂಗಿದ್ದೀನಿ. ನನ್ನಜ್ಜಿ ತೊಂಬತ್ತು ದಾಟಿದ್ಲು. ನಾನೂ ದಾಟ್ತೀನಿ. ನೀನು ಎಷ್ಟು ವಾರ ಕಟ್ಟಬೇಕೋ ಲೆಕ್ಕ ಹಾಕ್ಕೋ."

ತಕ್ಕಡಿಯಲ್ಲಿದ್ದ ಸಕ್ಕರೆಯನ್ನು ಅವನು ಅರ್ಧಕ್ಕೇ ಬಿಟ್ಟ. "ಏನು... ಏನು ಮಾತು ಇದು?"

"ನನ್ನ ಮೇಲೆ ವಿಮೆ ಕಟ್ತಿದ್ದೀಯಲ್ಲ, ಅದರ ಮಾತು. ಜೇಬೆಜ್ ಮೇಲೂ ಕಟ್ಟಿದ್ದೆಯಲ್ಲ, ಅದರ ಮಾತು. ದುಡ್ಡು ತಗೊಂಡು, ತಮ್ಮನನ್ನ ನಾಯಿ ಹಾಕಿದ ಹಂಗೆ ಗುಂಡಿಗೆ ಹಾಕಿದ್ಯಲ್ಲ, ಅದರ ಮಾತು!" ಸರದಿಯಲ್ಲಿದ್ದವರು ಬುಟ್ಟಿ ಕೆಳಗಿಟ್ಟರು. "ಇನ್ನೊಂದು ಹೇಳ್ತೀನಿ ಕೇಳು. ತಮ್ಮನ ಹೆಂಡತಿ ಮೇಲೆ ವಿಮೆ ನಡೆಯಲ್ಲ. ನಾನು ಇವತ್ತೇ ಇಲ್ಲೇ ಬಿದ್ದು ಸತ್ರೂ ನಿನಗೆ ಒಂದು ಕಾಸು ಹುಟ್ಟಲ್ಲ. ಮೊದಲ ದಿನದಿಂದ್ಲೂ ಹುಟ್ತಿರಲಿಲ್ಲ. ನನಗೆ ಅದು ಮೊದಲಿಂದ್ಲೇ ಗೊತ್ತಿತ್ತು."

"ಗೊತ್ತಿದ್ದೂ..." ಅವನ ತುಟಿ ಬೆಳ್ಳಗಾಗಿತ್ತು. "ಗೊತ್ತಿದ್ದೂ ಕೆಮ್ಮಿದ್ಯಾ?"

"ಗೊತ್ತಿದ್ದದ್ದಕ್ಕೇ ಕೆಮ್ಮಿದೆ."

ಬಾಗಿಲ ಹತ್ತಿರ ಯಾವಳೋ ಮುದುಕಿ ಕಿಸಕ್ಕನೆ ನಕ್ಕಳು. ಒಳಬಾಗಿಲಲ್ಲಿ ಹ್ಯಾನಾ ನಿಂತಿದ್ದನ್ನು ಸೆಲಿನಾ ಆಮೇಲೆ ಕಂಡಳು.

ಮುಂದಿನ ಭಾನುವಾರ ಈನಕ್‌ನ ಕೈಗೆ ತಟ್ಟೆ ಕೊಡಲಿಲ್ಲ. ಅವನು ವಿಮೆ ಕಂಪನಿಗೆ ಓಡಿದ. ಅಲ್ಲಿ ಪುಸ್ತಕ ತೆಗೆದು ನೋಡಿದರೆ ಸೆಲಿನಾ ಅವನ 'ತಂಗಿ' ಎಂದು ಬರೆದಿತ್ತು. ಸುಳ್ಳು ಹೇಳಿ ಮಾಡಿಸಿದ ಕರಾರು, ಚಲಾವಣೆಯಿಲ್ಲ, ಕಟ್ಟಿದ್ದೂ ವಾಪಸ್ಸಿಲ್ಲ ಎಂದುಬಿಟ್ಟರು. ಈನಕ್ ದಾವೆ ಹೂಡಿದ. ತಾನು 'ತಮ್ಮನ ಹೆಂಡತಿ' ಎಂದೇ ಹೇಳಿದ್ದೆ, ಏಜೆಂಟ ಕ್ರಾನ್ಶಾನೇ 'ತಂಗಿ ಅಂತ ಬರ್ಕೋತೀನಿ, ಏನೂ ಆಗಲ್ಲ' ಎಂದು ನಂಬಿಸಿದ ಎಂದು ಅವನ ವಾದ. ಬದುಕಿನಲ್ಲಿ ಒಂದೇ ಒಂದು ಸಲ ಅವನು ನಿಜ ಹೇಳುತ್ತಿದ್ದ. ಅದಕ್ಕೆ ಸಾಕ್ಷಿ ಇದ್ದದ್ದು ಸೆಲಿನಾ ಒಬ್ಬಳೇ. ವಿಮೆ ಬರೆಯುವ ಮೊದಲು ಕ್ರಾನ್ಶಾ ಅವಳ ಬಾಗಿಲಿಗೆ ಹೋಗಿದ್ದ, 'ನಿಮ್ಮ ಭಾವ' ಎಂದಿದ್ದ. ಅದನ್ನು ಅವಳು ಕೋರ್ಟಿನಲ್ಲಿ ಹೇಳಿದರೆ ಸಾಕು, ಏಜೆಂಟನಿಗೆ ಎಲ್ಲ ತಿಳಿದಿತ್ತು ಎಂದಾಗುತ್ತದೆ.

ವಿಚಾರಣೆಯ ಮುಂಚಿನ ದಿನ ಗಿರಣಿ ಬಿಡುವ ಹೊತ್ತಿಗೆ ಈನಕ್ ಗೇಟಿನ ಹತ್ತಿರ ಕಾದಿದ್ದ. ಹ್ಯಾಟು ಕೈಯಲ್ಲಿ ಹಿಡಿದಿದ್ದ.

"ಸೆಲಿನಾ, ಸುಳ್ಳು ಹೇಳು ಅಂತ ಕೇಳ್ತಿಲ್ಲ. ಅವತ್ತು ಅವನು ಏನಂದ ಅಷ್ಟು ಹೇಳು. ನಿಜ ಹೇಳಿದ್ರೆ ಸಾಕು. ಆ ದುಡ್ಡು ಬರದಿದ್ರೆ ಅಂಗಡಿ ಹೋಗುತ್ತೆ. ಹ್ಯಾನಾ ಈ ವಯಸ್ಸಿಗೆ ಬೀದಿಗೆ ಬರ್ತಾಳೆ."

"ಜೇಬೆಜ್ ದುಡ್ಡಲ್ಲಿ ಏನು ಮಾಡ್ದೆ?"

ಅವನು ಹ್ಯಾಟಿನ ಅಂಚನ್ನು ತಿರುವತೊಡಗಿದ.

"ನಿಜ ಹೇಳಿದ್ರೆ ಸಾಕು ಅಂದ್ಯಲ್ಲ, ಮೊದಲು ನೀನು ಹೇಳು. ಏನು ಮಾಡ್ದೆ?"

"ಮಾಂಸ ಕತ್ತರಿಸೋ ಮಷೀನು ತಗೊಂಡೆ," ಎಂದ, ನೆಲ ನೋಡುತ್ತ. "ಅಂಗಡಿಗೆ. ಆಗ ಹೊಸದಾಗಿ ಬಂದಿತ್ತು."

ಕೆಂಪು ಬಣ್ಣದ, ಹಿತ್ತಾಳೆಯ ಚಕ್ರವಿದ್ದ ಆ ಯಂತ್ರ ಅಂಗಡಿಯ ಕಿಟಕಿಯಲ್ಲೇ ಇತ್ತು. ಊರಿನ ಯಾರ ಮನೆಯಲ್ಲಿ ಸಾವಾದರೂ ಹ್ಯಾಮ್ ತೆಳ್ಳಗೆ ಕತ್ತರಿಸಿಕೊಳ್ಳಲು ಜನ ಅಲ್ಲಿಗೇ ಬರುತ್ತಿದ್ದರು. ಸೆಲಿನಾಳೂ ಅದರಲ್ಲಿ ಕತ್ತರಿಸಿದ್ದನ್ನು ಎಷ್ಟೋ ಸಲ ಕೊಂಡು ತಿಂದಿದ್ದಳು.

"ಹೋಗು ಭಾವ," ಎಂದಳು. "ನಾಳೆ ಬರ್ತೀನಿ."

ಕೋರ್ಟಿನ ಕೋಣೆಯಲ್ಲಿ ಒದ್ದೆ ಉಣ್ಣೆಯ ವಾಸನೆ. ಕ್ರಾನ್ಶಾ ಈಗ ಸೈಕಲ್ಲಿನ ಹುಡುಗನಲ್ಲ, ಆಗಷ್ಟೇ ಬಡ್ತಿ ಸಿಕ್ಕಿ, ವೇಸ್ಟ್‌ಕೋಟಿಗೆ ಗಡಿಯಾರದ ಸರಪಳಿ ಬಿಟ್ಟ ಮೇಲಧಿಕಾರಿ. ಮಿಸ್ಟರ್ ಪಿಲ್ಲಿಂಗ್ ತಂಗಿ ಎಂದೇ ಹೇಳಿದರು, ತಾನು ನಂಬಿ ಬರೆದೆ ಎಂದು ಕಣ್ಣು ಮಿಟುಕಿಸದೆ ಹೇಳಿ ಕೂತ. ಕೂತವನು ಗಡಿಯಾರದ ಸರಪಳಿಯನ್ನು ಬೆರಳಿಗೆ ಸುತ್ತತೊಡಗಿದ. ಸೆಲಿನಾಳನ್ನು ಕರೆದರು. ಬೈಬಲ್ ಮುಟ್ಟಿದಳು. ಈನಕ್‌ನ ವಕೀಲ ಎದ್ದ.

"ಕ್ರಾನ್ಶಾ ಅವರು ನಿಮ್ಮ ಮನೆಗೆ ಬಂದಿದ್ರಾ?"

"ಬಂದಿದ್ರು. ಮೆಟ್ಟಿಲು ಉಜ್ಜುತ್ತಿದ್ದೆ."

"ಈನಕ್ ಪಿಲ್ಲಿಂಗ್ ನಿಮ್ಮ ಮೇಲೆ ವಿಮೆ ತಗೋತಿದ್ದಾರೆ ಅಂದ್ರಾ?"

"ಅಂದ್ರು."

"ಆಗ ಅವರು 'ನಿಮ್ಮ ಅಣ್ಣ' ಅಂದ್ರಾ, 'ನಿಮ್ಮ ಭಾವ' ಅಂದ್ರಾ? ಚೆನ್ನಾಗಿ ಯೋಚಿಸಿ ಹೇಳಿ."

ಸೆಲಿನಾ ಕ್ರಾನ್ಶಾನ ಕಡೆ ನೋಡಿದಳು. ಅವನ ಸುಳ್ಳನ್ನು ಉಳಿಸಲು ಅವಳಿಗೆ ಯಾವ ಕಾರಣವೂ ಇರಲಿಲ್ಲ. ಈನಕ್‌ನ ಕಡೆ ನೋಡಿದಳು. ಅವನು ಮುಂದಕ್ಕೆ ಬಾಗಿ, ಕಾಣಿಕೆಯ ತಟ್ಟೆಗೆ ಕಾದಂತೆ ಎರಡೂ ಕೈ ಮಡಿಲಲ್ಲಿ ತೆರೆದಿಟ್ಟುಕೊಂಡು ಕೂತಿದ್ದ. ಅವನ ಪಕ್ಕದಲ್ಲಿ ಹ್ಯಾನಾ, ಒಳ್ಳೆಯ ಹ್ಯಾಟು ಹಾಕಿಕೊಂಡು.

"ನೆನಪಿಲ್ಲ," ಎಂದಳು.

"ಮೆಟ್ಟಿಲು ಉಜ್ಜುತ್ತಿದ್ದದ್ದು ನೆನಪಿದೆ, ಇದು ನೆನಪಿಲ್ವಾ?"

"ಮೆಟ್ಟಿಲು ನನ್ನದು. ಮಾತು ಅವರದು."

ನ್ಯಾಯಾಧೀಶರು ಕನ್ನಡಕ ಸರಿಮಾಡಿಕೊಂಡು, "ಪ್ರಮಾಣ ಮಾಡಿದ್ದೀರಿ ಮಿಸೆಸ್ ಪಿಲ್ಲಿಂಗ್," ಎಂದರು.

"ಗೊತ್ತು ಸ್ವಾಮಿ. ನೆನಪಿಲ್ಲ."

ತೀರ್ಪು ಬಹಳ ಹೊತ್ತು ಹಿಡಿಯಲಿಲ್ಲ. ವಿಮೆಯ ಕರಾರಿನಲ್ಲಿ ವಿಷಯ ತಿಳಿದವನು ಒಬ್ಬನೇ, ನಂಬುವವನು ಇನ್ನೊಬ್ಬ, ಆದ್ದರಿಂದ ತಿಳಿದವನು ಪೂರ್ಣ ಪ್ರಾಮಾಣಿಕನಾಗಿರಬೇಕು ಎಂದರು ನ್ಯಾಯಾಧೀಶರು. ಹಕ್ಕಿಲ್ಲದ ಜೀವದ ಮೇಲೆ ಪಣ ಕಟ್ಟಿದವನು, ಮೋಸ ಏಜೆಂಟನದೆಂದು ತೋರಿಸಲಾಗದಿದ್ದರೆ, ಕಟ್ಟಿದ್ದನ್ನು ಕೇಳಲು ಈ ಕೋರ್ಟಿಗೆ ಬರುವ ಹಾಗಿಲ್ಲ. ದಾವೆ ವಜಾ.

ಹೊರಗೆ ಮೆಟ್ಟಿಲ ಮೇಲೆ ಕ್ರಾನ್ಶಾ ಹ್ಯಾಟು ಎತ್ತಿಕೊಂಡು ಬಂದ. "ತುಂಬಾ ಉಪಕಾರ ಆಯ್ತು ಮಿಸೆಸ್ ಪಿಲ್ಲಿಂಗ್. ನನಗೂ ಮಕ್ಕಳಿದ್ದಾರೆ..."

"ನಿನ್ನ ಮುಖಕ್ಕೆ ಉಗಿಯೋಕೆ ನನ್ನ ಬಾಯಲ್ಲಿ ನೀರಿಲ್ಲ," ಎಂದಳು ಸೆಲಿನಾ. "ನಿನಗೋಸ್ಕರ ಹೇಳಲಿಲ್ಲ. ದಾರಿ ಬಿಡು."

ಅಂಗಡಿ ಹರಾಜಾಯಿತು. ಕೆಂಪು ಯಂತ್ರವನ್ನು ಪಕ್ಕದ ಊರು ಟಾಡ್‌ಮರ್ಡನ್‌ನ ಒಬ್ಬ ಕಟುಕ ಗಾಡಿಯಲ್ಲಿ ಹೇರಿಕೊಂಡು ಹೋಗುವುದನ್ನು ಸೆಲಿನಾ ಬಾಗಿಲಲ್ಲಿ ನಿಂತು, ಗಾಡಿ ತಿರುವಿನಲ್ಲಿ ಮರೆಯಾಗುವವರೆಗೂ ನೋಡಿದಳು. ಈನಕ್ ಚಪ್ಪಲಿ ಕಾರ್ಖಾನೆಯಲ್ಲಿ ಕಸ ಗುಡಿಸುವ ಕೆಲಸಕ್ಕೆ ಸೇರಿದ. ಬೀದಿಯಲ್ಲಿ ಎದುರಾದರೆ ಆಚೆ ಬದಿಗೆ ದಾಟುತ್ತಿದ್ದ. ಸುಳ್ಳು ಪ್ರಮಾಣ ಮಾಡಿದವರಿಗೆ ನಿದ್ದೆ ಬರುವುದಿಲ್ಲ ಎಂದು ಚಾಪೆಲ್ಲಿನಲ್ಲಿ ಹೇಳುತ್ತಿದ್ದರು. ಸೆಲಿನಾಳಿಗೆ ಚೆನ್ನಾಗಿಯೇ ಬರುತ್ತಿತ್ತು. ಪಶ್ಚಾತ್ತಾಪ ಇವತ್ತು ಬರುತ್ತದೆ, ನಾಳೆ ಬರುತ್ತದೆ ಎಂದು ಕಾದಳು. ಈನಕ್‌ನನ್ನು ನೆನೆದಾಗ ಅದು ಬರಲೇ ಇಲ್ಲ.

ಆ ಶರತ್ಕಾಲದಲ್ಲಿ ಒಂದು ಬೆಳಗ್ಗೆ ಮಗ್ಗದ ಮನೆಯ ಮೇಸ್ತ್ರಿ ಒಬ್ಬ ಹೆಂಗಸನ್ನು ಕರೆತಂದು ಸೆಲಿನಾಳ ಪಕ್ಕದ ಮಗ್ಗಗಳಿಗೆ ನಿಲ್ಲಿಸಿದ. ಹ್ಯಾನಾ. ಮದುವೆಗೆ ಮುಂಚೆ ನೇಯುತ್ತಿದ್ದವಳು, ಮೂವತ್ತು ವರ್ಷದ ಮೇಲೆ ಮತ್ತೆ ಬಂದಿದ್ದಳು. ಕೈ ತಡವರಿಸುತ್ತಿತ್ತು. ಎಳೆ ತುಂಡಾದರೆ ಹುಡುಕಲು ಕಣ್ಣು ಸಾಲದು. ಸೆಲಿನಾ ಹೇಳದೆ ಕೇಳದೆ ಅವಳ ಮಗ್ಗದ ಎಳೆ ಕಟ್ಟಿಕೊಡುತ್ತಿದ್ದಳು, ಹ್ಯಾನಾ ಬೇಡವೆನ್ನುತ್ತಿರಲಿಲ್ಲ.

ಮಗ್ಗದ ಮನೆಯಲ್ಲಿ ಕಿವಿ ಕೆಲಸಕ್ಕೆ ಬರುವುದಿಲ್ಲ. ಆ ಗದ್ದಲದಲ್ಲಿ ನೇಯುವ ಹೆಂಗಸರು ತುಟಿ ಆಡಿಸಿ ಮಾತಾಡುತ್ತ, ತುಟಿ ನೋಡಿ ಕೇಳುತ್ತಿದ್ದರು. ಹಾಗೆ ಒಂದು ದಿನ ಹ್ಯಾನಾ ಮಗ್ಗದಾಚೆಯಿಂದ ಅವಳ ಕಡೆ ತಿರುಗಿ, ಒಂದೊಂದೇ ಅಕ್ಷರ ತಿದ್ದಿದ ಹಾಗೆ ತುಟಿ ಆಡಿಸಿದಳು.

"ನಿನಗೆ ನೆನಪಿತ್ತು."

ತಿಳಿಯಲಿಲ್ಲ ಎನ್ನುವಂತೆ ತಲೆಯಾಡಿಸಿಬಿಡಬಹುದಿತ್ತು. ಸೆಲಿನಾ ಹಾಗೆ ಮಾಡಲಿಲ್ಲ.

"ಹೂಂ," ಎಂದಳು.

"ಜೇಬೆಜ್‌ಗಾಗಿ?"

"ಹೂಂ."

ಹ್ಯಾನಾ ಮಗ್ಗದ ಖಾಲಿ ಲಾಳಿ ತೆಗೆದು ತುಂಬಿದ್ದನ್ನು ಹಾಕಿದಳು. ಮತ್ತೆ ತಿರುಗಿದಳು. "ಅವರಿಗೆ ಆಗಬೇಕಾದ್ದು ಆಯ್ತು. ನಾನು ನಿನಗೇನು ಮಾಡಿದ್ದೆ?"

"ನೀನು ಏನೂ ಮಾಡಿರಲಿಲ್ಲ."

ಮತ್ತೆ ಆ ಮಾತು ಅವರಿಬ್ಬರ ನಡುವೆ ಬರಲಿಲ್ಲ. ಕಣ್ಣು ಪೂರ್ತಿ ಸೋತು ಹ್ಯಾನಾ ಕೆಲಸ ಬಿಡುವವರೆಗೂ ಇಬ್ಬರೂ ಅಕ್ಕಪಕ್ಕದ ಮಗ್ಗಗಳಲ್ಲೇ ನೇಯ್ದರು. ಮಧ್ಯಾಹ್ನ ಚಹಾಕ್ಕೆ ಬಿಸಿನೀರು ತರುವ ಸರದಿ ಒಂದು ದಿನ ಒಬ್ಬಳದಾದರೆ ಮರುದಿನ ಇನ್ನೊಬ್ಬಳದು. ತಂದು, ಮಗ್ಗದ ಚೌಕಟ್ಟಿನ ಮೇಲಿಟ್ಟು, ಮುಖ ನೋಡದೆ ಹಿಂದಿರುಗುತ್ತಿದ್ದರು.